ಹೆಡ್‌ಫೋನ್ ಕೊಳ್ಳುವ ಮೊದಲು ಅಡಿಕೆ ಸುಲಿಯುವ ಮಷಿನ್ ಪಕ್ಕ ಕೂತು ನೋಡಿ

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಕಡೆಯವರು, ಮುಂದಿನ ತಿಂಗಳು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ಫ್ರಾಂಕ್‌ಫರ್ಟ್, ಮೊದಲ ವಿಮಾನ ಪ್ರಯಾಣ. ಸುತ್ತಲಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ನಿಜವಾಗಿ ಕೆಲಸ ಮಾಡುತ್ತಾ, 3 ಸಾವಿರದ್ದು ಸಾಕಾ, 30 ಸಾವಿರ ಸುರಿಯಬೇಕಾ?

ಕೆಲಸ ಮಾಡುತ್ತದೆ. ಆದರೆ 3 ಸಾವಿರದ್ದರಲ್ಲೇ ನಾನು ಟೋಪಿ ಹಾಕಿಸಿಕೊಂಡಿದ್ದು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಅಂತ ಇತ್ತು. ಅದನ್ನು ಹಾಕಿಕೊಂಡು ಸೋಗಾನೆಯಲ್ಲಿ ಬೆಂಗಳೂರಿನ ವಿಮಾನ ಹತ್ತಿದೆ. ಎಟಿಆರ್ 72 ಅನ್ನುವ ಸಣ್ಣ ವಿಮಾನ, ರೆಕ್ಕೆ ಮೇಲೆ, ಪಂಖ ಹೊರಗೆ. ನನ್ನ ಸೀಟು ಮುಂದಿನ ಸಾಲಲ್ಲಿ, ಕಿಟಕಿ ಪಕ್ಕ, ಸರಿಯಾಗಿ ಪಂಖದ ನೇರಕ್ಕೆ. ಶುರುವಾದ ಗುಂಯ್ ಅನ್ನುವ ಸದ್ದು ಬೆಂಗಳೂರು ತನಕ ನಿಲ್ಲಲಿಲ್ಲ. ಬಟನ್ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಏನೂ ವ್ಯತ್ಯಾಸ ಇಲ್ಲ. ಮನೆಗೆ ಬಂದು ಡಬ್ಬ ತಿರುಗಿಸಿ ಓದಿದರೆ ಹಿಂದೆ ಸಣ್ಣದಾಗಿ ಇಎನ್‌ಸಿ ಅಂತ ಬರೆದಿದೆ. ಅದು ಫೋನ್ ಮಾಡುವಾಗ ನಿಮ್ಮ ಸುತ್ತಲಿನ ಗದ್ದಲ ಆ ಕಡೆಯವರಿಗೆ ಕೇಳದ ಹಾಗೆ ಮಾಡುವ ವ್ಯವಸ್ಥೆ. ನಿಮ್ಮ ಕಿವಿಗೆ ಅದರಿಂದ ನಯಾಪೈಸೆ ಲಾಭ ಇಲ್ಲ. ನಿಮಗೆ ಬೇಕಾದ್ದು ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್. ಒಂದೇ ಅಕ್ಷರದ ವ್ಯತ್ಯಾಸ ಅಂತ ಬಿಡಬೇಡಿ, ನನಗೆ ಅದು 3 ಸಾವಿರದ ವ್ಯತ್ಯಾಸ.

ಎಎನ್‌ಸಿ ಏನು ಮಾಡುತ್ತದೆ ಅಂದರೆ, ಹೊರಗಿನ ಸದ್ದನ್ನು ಪುಟ್ಟ ಮೈಕ್‌ಗಳಲ್ಲಿ ಕೇಳಿಸಿಕೊಂಡು, ಅದರ ತದ್ವಿರುದ್ಧ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಉಬ್ಬಿಗೆ ತಗ್ಗು ಸಿಕ್ಕಿ ಎರಡೂ ಅಡಗುತ್ತವೆ. ಸದ್ದು ದಪ್ಪಗಿದ್ದು ಒಂದೇ ಸಮ ಬರುತ್ತಿದ್ದರೆ ಈ ಆಟ ಚೆನ್ನಾಗಿ ನಡೆಯುತ್ತದೆ. ಎಟಿಆರ್‌ನ ಪಂಖಕ್ಕೆ ಆರು ಎಲೆ. ಮೇಲೆ ಹೋದ ಮೇಲೆ ನಿಮಿಷಕ್ಕೆ ಹತ್ತಿರ ಹತ್ತಿರ ಸಾವಿರ ಸುತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 100 ಬಡಿತ. ಒಳ್ಳೆಯ ಎಎನ್‌ಸಿಗೆ ಇದು ಹಬ್ಬದೂಟ ಇದ್ದ ಹಾಗೆ. ಸದ್ದು ಸಣ್ಣಗೆ, ಚೂಪಾಗಿ ಇದ್ದರೆ ಮಾತ್ರ ಅದು ಸೋಲುತ್ತದೆ. ಮಗು ಅಳುವುದು, ಪಕ್ಕದವರ ಹರಟೆ, ತಟ್ಟೆ ಚಮಚದ ಟಣ್ ಟಣ್ ಇದೆಲ್ಲ ಕೇಳಿಯೇ ಕೇಳುತ್ತದೆ. ಅಂಥ ಸದ್ದನ್ನು ತಡೆಯುವುದು ಚಿಪ್ ಅಲ್ಲ, ಕಿವಿ ಸುತ್ತ ಕೂರುವ ಮೆತ್ತೆ.

ಇದು ನನಗೆ ಸರಿಯಾಗಿ ಗೊತ್ತಾಗಿದ್ದು ನಮ್ಮ ಮನೆ ಅಂಗಳದಲ್ಲಿ. ಎರಡನೇ ಹೆಡ್‌ಫೋನ್, ಈ ಸಲ ನಿಜವಾದ ಎಎನ್‌ಸಿ ಇರುವುದು, ಬಂದಾಗ ಅಡಿಕೆ ಸುಗ್ಗಿ. ಸುಲಿಯುವ ಮಷಿನ್ ಓಡುತ್ತಿತ್ತು. ಅಮ್ಮನ ತಲೆಗೆ ಹಾಕಿ ಆನ್ ಮಾಡಿದೆ. 'ಕರೆಂಟ್ ಹೋಯ್ತಾ?' ಅಂತ ಮಷಿನ್ ಕಡೆ ತಿರುಗಿ ನೋಡಿದರು. ಮೋಟರಿನ ಗುಂಯ್‌ಗುಡುವಿಕೆ ಪೂರ್ತಿ ಇಳಿದಿತ್ತು. ಅಡಿಕೆ ಬೀಳುವ ಟಪಟಪ ಮಾತ್ರ ಹಾಗೇ ಇತ್ತು. ಇನ್ನೊಂದು ತಮಾಷೆ, ಆಚೆ ಕೂತು ಅಡಿಕೆ ಆರಿಸುತ್ತಿದ್ದವರ ಮಾತು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು, ಅದರಲ್ಲಿ ನಮ್ಮ ಮನೆ ಸುದ್ದಿಯೂ ಇತ್ತು! ಸಂಜೆ ತೋಟದ ಅಂಚಿಗೆ ಹೋಗಿ ಜೀರುಂಡೆಗಳ ಮುಂದೆ ಪರೀಕ್ಷೆ ಮಾಡಿದೆ. ಅವು ಜಗ್ಗಲೇ ಇಲ್ಲ. ಮಳೆಗಾಲದಲ್ಲಿ ತಗಡಿನ ಮೇಲೆ ಬೀಳುವ ಮಳೆಗೂ ಅಷ್ಟೆ, ಸ್ವಲ್ಪ ದೂರ ಹೋದ ಹಾಗೆ ಅನ್ನಿಸುತ್ತದೆ, ನಿಲ್ಲುವುದಿಲ್ಲ.

ಹಾಗಾಗಿ ನಿಮಗೂ ಅದನ್ನೇ ಹೇಳುವುದು. ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಲ್ಲಿ ಹಾಡು ಹಾಕಿ ಕೇಳಿಸಿದರೆ ಏನೂ ತಿಳಿಯುವುದಿಲ್ಲ, ಅಲ್ಲಿ ಎಲ್ಲವೂ ಚೆನ್ನಾಗೇ ಇರುತ್ತದೆ. ವಾಪಸ್ ಮಾಡಲು ಅವಕಾಶ ಇರುವ ಕಡೆ ಕೊಳ್ಳಿ. ಅದನ್ನು ಹಾಕಿಕೊಂಡು ಶಿವಮೊಗ್ಗ–ತೀರ್ಥಹಳ್ಳಿ ಬಸ್ಸಿನಲ್ಲಿ ಎಂಜಿನ್ ಹತ್ತಿರದ ಸೀಟಿನಲ್ಲಿ ಒಂದು ಸಲ ಹೋಗಿ ಬನ್ನಿ. ಹಾಡು ಬೇಡ, ಸುಮ್ನೆ ಆನ್ ಮಾಡಿ ಕೂತುಕೊಳ್ಳಿ. ವಿಮಾನದಲ್ಲಿ ಏನು ಸಿಗುತ್ತದೆ ಅಂತ ಅಲ್ಲೇ ಅಂದಾಜಾಗುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಫ್ಯಾನ್ ಜೋರಾಗಿ ಹಾಕಿ, ಹೆಡ್‌ಫೋನ್ ಆನ್ ಮಾಡಿ, ಕಿವಿ ಮುಚ್ಚುವ ಎರಡೂ ಬಟ್ಟಲನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಒತ್ತಿದಾಗ ಸದ್ದು ಇನ್ನೂ ಕಡಿಮೆಯಾದರೆ ಅದು ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ, ಎಲ್ಲೋ ಸಂದು ಇದೆ ಅಂತ ಅರ್ಥ. ನನಗೆ ಆ ಸಂದು ಕನ್ನಡಕದ ದಪ್ಪ ಕಡ್ಡಿಯಿಂದ ಆಗುತ್ತಿತ್ತು. ತೆಳ್ಳಗಿನ ಕಡ್ಡಿಯ ಹಳೆ ಕನ್ನಡಕ ಹಾಕಿದ ಮೇಲೆ ಅದೇ ಹೆಡ್‌ಫೋನ್ ಬೇರೆಯದೇ ಅನ್ನಿಸಿತು. ಓಲೆ, ಜುಮುಕಿ ಇದ್ದರೂ ಇದೇ ಕಥೆ, ಮೇಲಿಂದ ಒತ್ತಿ ನೋವು ಬೇರೆ. ದುಬಾರಿ ಹೆಡ್‌ಫೋನ್ ಸಡಿಲವಾಗಿ ಕೂತರೆ ಅದಕ್ಕೆ ಕೊಟ್ಟ ದುಡ್ಡು ಆ ಸಂದಿನಲ್ಲೇ ಸೋರಿ ಹೋಗುತ್ತದೆ.

ಈಗ ಹೆಸರು ಹೇಳಿ ಅಂತೀರಿ. 10 ಸಾವಿರದ ಆಸುಪಾಸಿನಲ್ಲಿ ಸೋನಿಯ ಸಿಎಚ್720ಎನ್ ನನಗೆ ಇಷ್ಟ. 192 ಗ್ರಾಂ ಅಷ್ಟೆ, ಹತ್ತು ಗಂಟೆಯ ಪ್ರಯಾಣದಲ್ಲಿ ನೆತ್ತಿಗೆ ಅದರ ಬೆಲೆ ತಿಳಿಯುತ್ತದೆ. ಮೈಯೆಲ್ಲ ಪ್ಲಾಸ್ಟಿಕ್, ನೋಡಲು ಆಟಿಕೆ ಥರ, ಇರಲಿ ಬಿಡಿ. ಮೇಲಿನ ದರ್ಜೆಯಲ್ಲಿ ಬೋಸ್‌ನ ಕ್ವಯಟ್‌ಕಂಫರ್ಟ್ ಸಾಲು ಅಥವಾ ಸೋನಿಯ 1000ಎಕ್ಸ್‌ಎಂ ಸಾಲು. ಸೋನಿಯಲ್ಲಿ ಎಕ್ಸ್‌ಎಂ4 ಮಡಚುತ್ತದೆ, ಎಕ್ಸ್‌ಎಂ5 ಮಡಚುವುದಿಲ್ಲ, 2025ರಲ್ಲಿ ಬಂದ ಎಕ್ಸ್‌ಎಂ6 ಮತ್ತೆ ಮಡಚುತ್ತದೆ. ಸಣ್ಣ ಬ್ಯಾಗ್ ಒಯ್ಯುವವರಿಗೆ ಇದು ಸಣ್ಣ ವಿಷಯ ಅಲ್ಲ. ವರ್ಷಕ್ಕೊಮ್ಮೆ ಹಾರುವವರಿಗೆ 30 ಸಾವಿರ ಜಾಸ್ತಿಯೇ. ತಿಂಗಳಿಗೆ ಎರಡು ಸಲ ಹಾರುವವರು ಬೇರೆ ಲೆಕ್ಕ ಹಾಕಲಿ.

ಅಂದ ಹಾಗೆ, ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರ ತಂದೆ ಬಂಗಾಳದವರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವ ವಿಮಾನದಲ್ಲಿ ಎಂಜಿನ್ ಸದ್ದಿಗೆ ಹಾಡು ಕೇಳದೆ ಬೇಸತ್ತು, ಅಲ್ಲೇ ಕೂತು ಇದರ ಗಣಿತ ಬರೆಯಲು ಶುರು ಮಾಡಿದರಂತೆ. ಪೈಲಟ್‌ಗಳ ಹೆಡ್‌ಸೆಟ್ ಮಾರುಕಟ್ಟೆಗೆ ಬಂದಿದ್ದು 1989ರಲ್ಲಿ. ನಮ್ಮಂಥ ಪ್ರಯಾಣಿಕರ ಕೈಗೆ ಬರಲು 2000 ಆಯಿತು.

ಕಿವಿಯೊಳಗೆ ತೂರಿಸುವ ಇಯರ್‌ಬಡ್ ಬೇಡವಾ ಅಂದರೆ, ಒಂದು ಪಕ್ಕಕ್ಕೆ ಒರಗಿ ನಿದ್ದೆ ಮಾಡುವವರಿಗೆ ಅದೇ ಸುಖ. ಆದರೆ ಒಂದು ಸಲದ ಚಾರ್ಜ್ ಬರುವುದು 5ರಿಂದ 8 ಗಂಟೆ, ಫ್ರಾಂಕ್‌ಫರ್ಟ್ ಅದಕ್ಕಿಂತ ದೂರ. ನಡುವೆ ಡಬ್ಬಿಗೆ ಹಾಕಿ ಕಾಯಬೇಕು. ಕತ್ತಲಲ್ಲಿ ಸೀಟಿನ ಸಂದಿಗೆ ಬಿದ್ದರೆ ಹುಡುಕುವ ಕಷ್ಟ ಬೇರೆ. ಒಂದು ಕ್ಷಣ, ಬಜೆಟ್ ತೀರಾ ಕಮ್ಮಿ ಇದ್ದರೆ ಮೆಡಿಕಲ್ ಶಾಪಿನ ಫೋಮ್ ಇಯರ್‌ಪ್ಲಗ್ ಮರೆಯಬೇಡಿ. ಉರುಟಿ ಕಿವಿಗೆ ಸರಿಯಾಗಿ ಇಟ್ಟರೆ, ಮಗುವಿನ ಅಳುವನ್ನು ಅದು ಎಷ್ಟೋ ಎಎನ್‌ಸಿಗಿಂತ ಚೆನ್ನಾಗಿ ತಡೆಯುತ್ತದೆ.

ಹೆಡ್‌ಫೋನ್ ಜೊತೆ ವೈರು ಬರುತ್ತದಲ್ಲ, ಅದನ್ನು ಡಬ್ಬದಲ್ಲೇ ಬಿಟ್ಟು ಹೋಗಬೇಡಿ. ಎದುರು ಸೀಟಿನ ಪರದೆಯಲ್ಲಿ ಸಿನಿಮಾ ನೋಡಲು ಬಹಳಷ್ಟು ವಿಮಾನಗಳಲ್ಲಿ ಇನ್ನೂ ವೈರೇ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿ ಇರಲಿ, ಚೆಕ್-ಇನ್ ಲಗೇಜಿಗೆ ಹಾಕಲು ಬಿಡುವುದಿಲ್ಲ. ಇಳಿಯುವಾಗ ಕಿವಿ ಕಟ್ಟಿಕೊಂಡರೆ ಹೆಡ್‌ಫೋನ್ ಅದಕ್ಕೆ ಮದ್ದಲ್ಲ. ಕಲ್ಲುಸಕ್ಕರೆ ಚೀಪಿ, ಉಗುಳು ನುಂಗುತ್ತಿರಿ. ಎಎನ್‌ಸಿ ಆನ್ ಮಾಡಿದ ಕೂಡಲೇ ಕೆಲವರಿಗೆ ಕಿವಿಯಲ್ಲಿ ಒತ್ತಡ ಬಂದ ಹಾಗೆ ಆಗುತ್ತದೆ, ಅದು ಗಾಳಿಯ ಒತ್ತಡ ಅಲ್ಲ. ಬಸ್ಸಿನ ಪರೀಕ್ಷೆಯಲ್ಲಿ ನಿಮಗೆ ಹಾಗಾದರೆ ಎಎನ್‌ಸಿಯ ಮಟ್ಟ ಇಳಿಸಿ ನೋಡಿ, ಆಗಲೂ ಹೋಗದಿದ್ದರೆ ವಾಪಸ್ ಕೊಡಿ.

ಕೊನೆಯದು ಮಲೆನಾಡಿನವರಿಗೆ ಮಾತ್ರ. ನನ್ನ ಎರಡನೇ ಹೆಡ್‌ಫೋನನ್ನು ಜುಲೈನಲ್ಲಿ ಚೀಲದ ಸಮೇತ ಕಪಾಟಿನಲ್ಲಿಟ್ಟು ಮರೆತಿದ್ದೆ. ಚೌತಿಗೆ ತೆಗೆದರೆ ಮೆತ್ತೆಯ ಮೇಲೆ ಬೂದಿ ಚೆಲ್ಲಿದ ಹಾಗೆ ಬೂಷ್ಟು. ಒರೆಸಿದೆ, ಹೋಯಿತು. ಆದರೆ ಮುಂದಿನ ಬೇಸಿಗೆಗೆ ಆ ಕೃತಕ ಚರ್ಮ ಸಿಪ್ಪೆ ಸಿಪ್ಪೆಯಾಗಿ ಕಿವಿಗೆ ಅಂಟಿಕೊಳ್ಳಲು ಶುರುವಾಯಿತು. ಕೊಳ್ಳುವಾಗಲೇ ಬದಲಿ ಮೆತ್ತೆ ಸಿಗುತ್ತಾ ಅಂತ ವಿಚಾರಿಸಿ. ಈಗ ನಾನು ಬಳಸದ ದಿನ ಅದನ್ನು ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಅದು ಚಕ್ಕುಲಿ ಡಬ್ಬಿ. ಹಬ್ಬ ಹತ್ತಿರ ಬಂತು, ಅಮ್ಮ ಆಗಲೇ ಎರಡು ಸಲ ಕೇಳಿದ್ದಾರೆ.