ದುಡಿಯುವ ಹೆಂಗಸರ ಲೆಕ್ಕ ಇಷ್ಟು ಕಡಿಮೆ ಬಂದಿದ್ದೇಕೆ?
ಗದಗ ಜಿಲ್ಲೆ ರೋಣದ ಹಳ್ಳಿಯಲ್ಲಿ ನೀವು ಮಾಡಿದ ಸಮೀಕ್ಷೆಯಲ್ಲಿ ಮುಕ್ಕಾಲು ಪಾಲು ಹೆಂಗಸರು ‘ಮನೆಗೆಲಸ’ ಎಂದು ಬಂದಿದ್ದಕ್ಕೆ ಕಾರಣ ಬಹುಶಃ ನೀವು ಪ್ರಶ್ನೆ ಕೇಳಿದ ರೀತಿಯೇ. ‘ಕೆಲಸ ಮಾಡ್ತೀರಾ?’ ಅಂದರೆ ‘ಇಲ್ರೀ, ಮನ್ಯಾಗ ಇರ್ತೀನಿ’ ಅಂತಾರೆ. ಮೆಣಸಿನಕಾಯಿ ಬಿಡಿಸಿದ ಉರಿ ಕೈಯಲ್ಲಿ ಇನ್ನೂ ಇರುತ್ತದೆ.

ಮೊದಲು ಒಂದೊಂದೇ ಕೆಲಸ ಹೆಸರಿಸಿ ಕೇಳಿ: ಕಳೆ ತೆಗೆದಿರಾ, ಉಳ್ಳಾಗಡ್ಡಿ ಕಿತ್ತಿರಾ, ಡೇರಿಗೆ ಹಾಲು ಹಾಕ್ತೀರಾ? ಆಮೇಲೆ ವರ್ಷಕ್ಕೆ ಎಷ್ಟು ದಿನ ಅಂತ ಕೇಳಿ. ಸರ್ಕಾರದ ಪಿಎಲ್‌ಎಫ್‌ಎಸ್ ಎಂಬ ಉದ್ಯೋಗ ಸಮೀಕ್ಷೆಯಲ್ಲಿ, ಹಿಂದಿನ ಇಡೀ ವರ್ಷ ನೋಡುವ ‘ಸಾಮಾನ್ಯ ಸ್ಥಿತಿ’ ಲೆಕ್ಕದಲ್ಲಿ, ಮನೆಗೆಲಸದ ಜೊತೆಗಿನ ಇಂಥ ಉಪಕೆಲಸ 30 ದಿನ ಮುಟ್ಟಿದರೂ ಅವರು ದುಡಿಯುವವರೇ. ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ದುಡಿದರೂ ಅಷ್ಟೇ. ಅಡುಗೆ, ಮಕ್ಕಳ ಆರೈಕೆ ಇದರಲ್ಲಿ ಸೇರಲ್ಲ. ಅದನ್ನು ಸುಮ್ನೆ ಬಿಡಬೇಡಿ, ಬೇರೆ ಕಾಲಂನಲ್ಲಿ ಗಂಟೆ ಬರೆದಿಡಿ.

ಗಂಡ ಪಕ್ಕದಲ್ಲಿದ್ದರೆ ಉತ್ತರ ಅವನದೇ ಆಗುತ್ತದೆ. ಹೆಂಗಸರ ಜೊತೆಗೇ ಕೂತು ಮಾತಾಡಿ. ಹತ್ತು ಮನೆಗೆ ಮತ್ತೆ ಹೋಗಿ. ಆಗಲೂ ಅಂಕಿ ಬದಲಾಗದಿದ್ದರೆ ಕಾರಣ ಬೇರೆ ಇರಬಹುದು, ನಿಮ್ಮ ಫಾರ್ಮ್ ಇಲ್ಲಿ ಹಾಕಿ.