7.5 ಎಚ್‌ಪಿ ಮೋಟಾರಿಗೆ 32 ಆಂಪಿಯರ್ ಎಂಸಿಬಿ ಸರಿಯೇ?

ಚಿತ್ರದುರ್ಗದ ನಿಮ್ಮ ಹಿಟ್ಟಿನ ಗಿರಣಿಗೆ 32 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್, ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಲೇಬೇಡಿ. 7.5 ಎಚ್‌ಪಿಗೆ ಸಮನಾದ 5595 ವ್ಯಾಟನ್ನು 230ರಿಂದ ಭಾಗಿಸಿ 24 ಆಂಪಿಯರ್ ಎಂದು ಬರೆದಿದ್ದೀರಲ್ಲ, ದಾವಣಗೆರೆಯ ನಮ್ಮ ಹಿಟ್ಟಿನ ಗಿರಣಿಗೆ ವೈರಿಂಗ್ ಮಾಡಿದವರು ಹಾಕಿದ್ದೂ ಇದೇ ಲೆಕ್ಕ. ನಿಮ್ಮ ಚಿತ್ರದುರ್ಗದ ಗಿರಣಿಯಂತೆಯೇ 7.5 ಎಚ್‌ಪಿ ತ್ರೀ ಫೇಸ್ ಮೋಟಾರು. ತುಸು ಹೆಚ್ಚೇ ಇರಲಿ ಎಂದು 32ರ ಎಂಸಿಬಿ ಕೂರಿಸಿ ಹೋದರು.

230 ಎಂಬುದು ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್. ಅದರಿಂದ ಭಾಗಿಸಿದರೆ ಮೂರು ತಂತಿಗಳು ಹಂಚಿಕೊಳ್ಳುವ ಹೊರೆಯನ್ನು ಒಂದೇ ತಂತಿಯ ಮೇಲೆ ಹೇರಿದಂತಾಗುತ್ತದೆ. ತ್ರೀ ಫೇಸಿನ ಗುಣಕ 1.732, ಎರಡು ಫೇಸ್‌ಗಳ ನಡುವಿನ ವೋಲ್ಟೇಜ್ 415, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು), ಮೋಟಾರಿನ ದಕ್ಷತೆ ಇವನ್ನು ಗುಣಿಸಿ, ಬಂದದ್ದರಿಂದ 5595ನ್ನು ಭಾಗಿಸಬೇಕು. ಪವರ್ ಫ್ಯಾಕ್ಟರ್ 0.85, ದಕ್ಷತೆ 0.87 ಎಂದಿಟ್ಟುಕೊಂಡರೆ ಸಿಗುವುದು 10.5 ಆಂಪಿಯರ್. ಅಷ್ಟೇಕೆ, ಮೋಟಾರಿನ ನೇಮ್‌ಪ್ಲೇಟ್ ಮೇಲಿನ ಹಿಟ್ಟು ಒರೆಸಿ ನೋಡಿ, ಆಂಪಿಯರ್ ಅಲ್ಲೇ ಬರೆದಿರುತ್ತದೆ.

ತಪ್ಪು ಲೆಕ್ಕದ ಪೆಟ್ಟು ಕೂಡಲೇ ಬೀಳಲಿಲ್ಲ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸಲು ಜನ ಬ್ಯಾಡಗಿ ಮೆಣಸಿನಕಾಯಿ ಹೊತ್ತು ಬರುತ್ತಾರೆಂದು, ಅದೇ ಲೈನಿಗೆ ಅಷ್ಟೇ ಶಕ್ತಿಯ ಖಾರ ಕುಟ್ಟುವ ಯಂತ್ರವನ್ನೂ ಜೋಡಿಸಿದೆವು. ಅಲ್ಲಿಗೆ 21 ಆಂಪಿಯರ್. ಸಂಜೆ ವೋಲ್ಟೇಜ್ ಇಳಿದಾಗ ಮೋಟಾರು ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಎಳೆಯುತ್ತದೆ. ಗೋಡೆಯೊಳಗಿನ ಪೈಪಿನಲ್ಲಿದ್ದದ್ದು ಅಷ್ಟು ಹೊರೆ ತಾಳದ 2.5 ಚದರ ಮಿಲಿಮೀಟರ್ ತಂತಿ. 32ರ ಎಂಸಿಬಿಯಾದರೋ 36 ಆಂಪಿಯರ್ ಒಂದು ಗಂಟೆ ಹರಿದರೂ ಬೀಳಬಾರದೆಂದೇ ತಯಾರಾಗಿರುತ್ತದೆ. ಮೆಣಸಿನ ಘಾಟಿನಲ್ಲಿ ಸುಟ್ಟ ವಾಸನೆ ಯಾರ ಮೂಗಿಗೂ ಬಡಿಯಲಿಲ್ಲ. ಸುಣ್ಣದ ಗೋಡೆಯ ಮೇಲೆ ಕಂದು ಗೆರೆ ಮೂಡಿದಾಗಲೇ ಗೊತ್ತಾದದ್ದು. ಒಡೆದು ನೋಡಿದರೆ ಪೈಪು ಕರಗಿ ತಂತಿಗಳಿಗೆ ಅಂಟಿಕೊಂಡಿತ್ತು. ಮೆಣಸಿನಕಾಯಿಯ ಹಂಗಾಮು ಪೂರ್ತಿ ಕೈತಪ್ಪಿತು.

ಆದ್ದರಿಂದ ಮೋಟಾರಿಗೆ ಎಷ್ಟರ ಎಂಸಿಬಿ ಎಂದು ಕೇಳುವುದನ್ನೇ ಬಿಡಿ. ನಿಮ್ಮ ತಂತಿ ಎಷ್ಟು ತಾಳುತ್ತದೆ ಎಂಬುದನ್ನು ಮೊದಲು ನೋಡಿ. ಎಂಸಿಬಿ ಇರುವುದು ತಂತಿಯನ್ನು ಕಾಯಲು. ಮೋಟಾರನ್ನು ಕಾಯುವುದು ಸ್ಟಾರ್ಟರಿನ ಓವರ್‌ಲೋಡ್ ರಿಲೇ, ಅಂದರೆ ಮೋಟಾರು ಮಿತಿ ಮೀರಿ ಎಳೆಯುತ್ತಲೇ ಇದ್ದರೆ ಅದನ್ನು ನಿಲ್ಲಿಸುವ ಭಾಗ. ಅದನ್ನು ನೇಮ್‌ಪ್ಲೇಟಿನ ಆಂಪಿಯರಿಗೆ ಹೊಂದಿಸಿ. ನಿಮ್ಮ ಒಂದು ಮೋಟಾರಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರಿನ ಮೂರು ಪೋಲ್ ಎಂಸಿಬಿ ಸಾಕು. ಶುರುವಾಗುವಾಗ ಮೋಟಾರು ಆರೇಳು ಪಟ್ಟು ಎಳೆಯುತ್ತದೆ. ಆ ಕ್ಷಣದ ಎಳೆತವನ್ನು ಬೀಳದೆ ತಾಳುವುದರಲ್ಲಿ ಎಂಸಿಬಿಯ ಬಿ, ಸಿ, ಡಿ ಮಾದರಿಗಳು ಒಂದಕ್ಕಿಂತ ಒಂದು ಗಟ್ಟಿ. ಬಿ ಮಾದರಿಯದು ಆಗಾಗ ಬೀಳುತ್ತದೆ, ಸಿ ಅಂಚಿನಲ್ಲಿರುತ್ತದೆ. ಡಿ ಮಾದರಿಯದನ್ನೇ ಕೇಳಿ ಕೊಳ್ಳಿ. ಮುಂದೆ ಖಾರದ ಯಂತ್ರ ತಂದರೆ ಅದಕ್ಕೆ ಬೋರ್ಡಿನಿಂದಲೇ ಬೇರೆ ಲೈನು, ಬೇರೆ ಎಂಸಿಬಿ ಹಾಕಿಸಿ.