ಮೊದಲು ಕಾಲುವೆ ತೋರಿಸಿ, ಆಮೇಲೆ ಕೆರೆ ಮಾತು

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಂಗಳೂರಿನ ಕೆರೆಗಳ ಮೇಲೇ ಇವೆ. ಹೋದ ಸಲ ಕೆರೆಯಿಂದ ಹೊಲಕ್ಕೆ ನೀರು ಬಿಡುವ ತೂಬಿನ ಬಗ್ಗೆ ನಾಲ್ಕು ಸಾಲು ಬರೆದದ್ದೇ ಕಾರಣ ಇರಬೇಕು. ಕೆರೆಯ ಕಟ್ಟೆಯಾದ ಏರಿ, ತೂಬು, ತುಂಬಿದ ನೀರು ಹೊರಹೋಗುವ ಕೋಡಿ ರಿಪೇರಿ ಮಾಡಿಸುತ್ತಲೇ ಮೂವತ್ತು ವರ್ಷ ಸರ್ವಿಸ್ ಮುಗಿಸಿದವನು ನಾನು. ನಮ್ಮ ತಾತ ಮಾಲೂರು ಕಡೆ ಹೊಲಗಳಿಗೆ ಕೆರೆ ನೀರು ಬಿಡುವ ನೀರುಗಂಟಿ. ಈ ವಿಷಯ ಬಂದರೆ ನನ್ನ ಮಾತು ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಅಪಾರ್ಟ್‌ಮೆಂಟ್ ಎದುರಿನ ಕೆರೆಗೆ ಕೋಟಿಗಟ್ಟಲೆ ಖರ್ಚು ಮಾಡಿ ಹೂಳು ತೆಗೆದರು. ಬೇಲಿ, ವಾಕಿಂಗ್ ಪಾತ್, ಕಲ್ಲು ಬೆಂಚು ಎಲ್ಲ ಬಂತು. ಆದರೂ ಏಪ್ರಿಲ್ ಬಂದರೆ ಬಾಲ್ಕನಿ ಬಾಗಿಲು ತೆಗೆಯುವ ಹಾಗಿಲ್ಲ. ಏನು ತಪ್ಪಾಗಿದೆ?
— ಗೃಹಿಣಿ, ಸರ್ಜಾಪುರ ರಸ್ತೆ

ಮೇಡಂ, ಬೆಂಚಿನ ತನಕ ಎಲ್ಲ ಬರೆದಿದ್ದೀರಿ, ಕೆರೆಗೆ ನೀರು ಎಲ್ಲಿಂದ ಬರುತ್ತದೆ ಅಂತ ಮಾತ್ರ ಬರೆದಿಲ್ಲ. ಬಹುಶಃ ಎಸ್ಟಿಮೇಟ್ ಮಾಡಿದವರೂ ಬರೆದಿರಲಿಕ್ಕಿಲ್ಲ.

ಒಂದು ಕೆಲಸ ಮಾಡಿ. ಮಳೆ ನಿಂತು ಹದಿನೈದು ದಿನ ಆದ ಮೇಲೆ, ಬೆಳಗ್ಗೆ ಏಳೂವರೆಗೆ, ಮಳೆ ನೀರು ತರುವ ರಾಜಕಾಲುವೆ ಕೆರೆಗೆ ಸೇರುವ ಜಾಗಕ್ಕೆ ಹೋಗಿ ನಿಂತುಕೊಳ್ಳಿ. ಕಾಲುವೆ ಒಣಗಿದ್ದರೆ ಒಳ್ಳೆಯದು. ಹರಿಯುತ್ತಿದ್ದರೆ ಅದು ಮಳೆ ನೀರಲ್ಲ, ನಮ್ಮ ನಿಮ್ಮ ಬಚ್ಚಲ ನೀರು. ಏಳೂವರೆ ಅಂದದ್ದು ಯಾಕೆಂದರೆ ಆ ಹೊತ್ತಿಗೆ ಊರೆಲ್ಲ ಸ್ನಾನ ಮಾಡುತ್ತಿರುತ್ತದೆ, ಹರಿವು ಏರುವುದು ಕಣ್ಣಿಗೇ ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಕೆರೆಯಲ್ಲಿ ನಾನೂ ಹೀಗೆ ನಿಂತಿದ್ದೆ. ಒಂದು ಬಿದಿರು ಗಳ ಇಳಿಸಿ ನೋಡಿದೆ. ಮೇಲೆ ಒಂದು ಗೇಣು ನೀರು, ಅದರ ಕೆಳಗೆ ಎರಡು ಅಡಿ ಕಪ್ಪು ಕೆಸರು. ಗಳ ಎಳೆದ ಕೂಡಲೇ ಗುಳುಗುಳು ಅಂತ ಗುಳ್ಳೆ ಎದ್ದವು. ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಹೂಳು ತೆಗೆಸಿ ಮೂರು ವರ್ಷವೂ ಆಗಿರಲಿಲ್ಲ. ನಿಮ್ಮ ಬಾಲ್ಕನಿಗೆ ಬರುವುದೂ ಇದೇ ಗುಳ್ಳೆಯ ಗಾಳಿ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ದಿಬ್ಬದ ಮೇಲಿನ ಊರು. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅಂತ ಮೂರು ಕಣಿವೆಗೆ ನೀರು ಇಳಿಯುತ್ತದೆ. ಹಿಂದಿನವರು ಆ ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬರುವ ಹಾಗೆ ಸರಪಳಿ ಮಾಡಿದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು, 1974ರಲ್ಲಿ ಕಾವೇರಿ ಬಂತು. ನಲ್ಲಿ ಬಂದ ಮೇಲೆ ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದ ಕೆರೆಗಳ ಕಾಲುವೆಗೆ ಒಳಚರಂಡಿ ಬಂದು ಸೇರಿತು. ನೀರು ತರಬೇಕಾದ ದಾರಿಯೇ ಕೊಳಚೆ ತರುವಾಗ ಹೂಳು ತೆಗೆಯುವುದು ಅಂದರೆ, ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ.

ಇದಕ್ಕೆ ಕಂಟ್ರಾಕ್ಟರ್‌ಗಳಿಗೆ ಒಂದು ಸುಲಭದ ಉಪಾಯ ಗೊತ್ತು. ಕೆರೆಯ ಪಕ್ಕದಲ್ಲೇ ಬೇರೆ ಕಾಲುವೆ ತೋಡಿ ಕೊಳಚೆಯನ್ನು ಸುತ್ತು ಹಾಕಿಸಿ ಕೋಡಿಯ ಆಚೆಗೆ ಬಿಡುವುದು. ನಿಮ್ಮ ಕೆರೆ ಕ್ಲೀನ್, ಕೆಳಗಿನ ಕೆರೆಗೆ ಎಲ್ಲವೂ. ಮಳೆ ಬಂದಾಗ ಒಳ್ಳೆಯ ನೀರೂ ಅದೇ ಸುತ್ತುದಾರಿಯಲ್ಲಿ ಹೋಗುತ್ತದೆ. ಕೆರೆ ಬಾಯಾರಿ ಕೂರುತ್ತದೆ.

ಸರಿಯಾಗಿ ಮಾಡಿದ್ದನ್ನು ನೋಡಬೇಕಿದ್ದರೆ ಒಂದು ಭಾನುವಾರ ಜಕ್ಕೂರಿಗೆ ಹೋಗಿ ಬನ್ನಿ. ಸುಮಾರು 160 ಎಕರೆ ಕೆರೆ. ಮೇಲ್ಗಡೆ ಜಲಮಂಡಳಿಯ ಕೊಳಚೆ ಶುದ್ಧೀಕರಣ ಘಟಕ, ದಿನಕ್ಕೆ 1 ಕೋಟಿ ಲೀಟರ್ ಲೆಕ್ಕದಲ್ಲಿ ಶುರುವಾದದ್ದು. ಅಲ್ಲಿಂದ ಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಆಮೇಲೆ ಕೆರೆಗೆ ಸೇರುತ್ತದೆ. ಘಟಕದಲ್ಲಿ ಉಳಿದ ಸಾರಜನಕ, ರಂಜಕವನ್ನು ಜೊಂಡು ಹೀರಿಕೊಳ್ಳುತ್ತದೆ. ಜೊಂಡು ಕಂಡರೆ ಕಳೆ ಅಂತ ಕಿತ್ತು ಹಾಕಿ ಎನ್ನುವವರು ಇದನ್ನು ಮೊದಲು ನೋಡಬೇಕು. ಆದರೆ ವರ್ಷಕ್ಕೊಮ್ಮೆ ಅದನ್ನು ಕೊಯ್ದು ಹೊರಗೆ ಸಾಗಿಸಬೇಕು. ಬಿಟ್ಟರೆ ಅದೇ ಅಲ್ಲೇ ಕೊಳೆತು, ಹೀರಿದ್ದೆಲ್ಲ ವಾಪಸ್ ನೀರಿಗೇ.

ನಿಮ್ಮ ರಸ್ತೆಯಲ್ಲೇ ಇರುವ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ಜನ ಎಷ್ಟು ಪ್ರೀತಿಯಿಂದ ಉಳಿಸಿಕೊಂಡರು ಅಂತ ಗೊತ್ತಲ್ವಾ? ಅಲ್ಲೂ 2016ರ ಜನವರಿಯಲ್ಲಿ ಮೀನು ಸತ್ತು ತೇಲಿದವು. ಪ್ರೀತಿ ಕಡಿಮೆಯಾಗಿ ಅಲ್ಲ, ಕಾಲುವೆಯಲ್ಲಿ ಕೊಳಚೆ ಬಂದು.

ನಾಲ್ಕನೇ ಕ್ಲಾಸಿನ ಮಕ್ಕಳು ‘ಮಿಸ್, ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿತ್ತಂತೆ, ನೀರಿಗೆ ಹೇಗೆ ಬೆಂಕಿ ಹತ್ತುತ್ತೆ?’ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.
— ಶಿಕ್ಷಕಿ, ರಾಜಾಜಿನಗರ

ನೀರಿಗೆ ಹತ್ತಿಲ್ಲ ಮಿಸ್. 2015ರ ಮೇ ತಿಂಗಳಲ್ಲಿ ನೊರೆಗೆ ಹತ್ತಿತು. 2017ರಲ್ಲಿ, 2018ರ ಜನವರಿಯಲ್ಲಿ ದಡದ ಒಣ ಹುಲ್ಲು, ಜೊಂಡು ಉರಿಯಿತು. 2018ರಲ್ಲಿ ಆರಿಸಲು ಸಾವಿರಾರು ಸೈನಿಕರು ಬಂದರು. ಸುಮಾರು 900 ಎಕರೆ ಕೆರೆ ಅದು, ಫೈರ್ ಎಂಜಿನ್ ಪೈಪು ಎಲ್ಲಿಗಂತ ಮುಟ್ಟುತ್ತದೆ?

ಮಕ್ಕಳಿಗೆ ಹೀಗೆ ತೋರಿಸಿ. ಒಂದು ಬಾಟಲಿಯಲ್ಲಿ ಅರ್ಧ ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಮುಚ್ಚಳ ಹಾಕಿ ಮಜ್ಜಿಗೆ ಕಡೆದ ಹಾಗೆ ಅಲ್ಲಾಡಿಸಲಿ. ಕೋಡಿಯಲ್ಲಿ ನೀರು ಮೇಲಿಂದ ಬೀಳುವಾಗ ಆಗುವುದು ಅದೇ, ಮನೆಮನೆಯ ಸೋಪಿನ ನೀರು ನೊರೆಯಾಗುತ್ತದೆ. ಇನ್ನು ತಳದಲ್ಲಿ ಗಾಳಿ ಇಲ್ಲದೆ ಕೊಳೆತ ಕೊಳಚೆಯಿಂದ ಬೆಂಕಿ ಹತ್ತುವ ಮೀಥೇನ್ ಅನಿಲ ಏಳುತ್ತದೆ. ಹಳ್ಳಿಯಿಂದ ಬಂದ ಮಗು ಕ್ಲಾಸಲ್ಲಿದ್ದರೆ ಗೋಬರ್ ಗ್ಯಾಸ್ ಅನ್ನಿ ಸಾಕು, ಉಳಿದದ್ದನ್ನು ಅದೇ ಹೇಳುತ್ತದೆ.

1994ರಲ್ಲಿ ಸಾಲ ಮಾಡಿ ರೆವಿನ್ಯೂ ಸೈಟ್ ತಗೊಂಡು ಮನೆ ಕಟ್ಟಿದೆ. ಈಗ ಬಂದು ಗೋಡೆ ಮೇಲೆ ಕೆಂಪು ಗುರುತು ಹಾಕಿ ಹೋಗಿದ್ದಾರೆ. ರಾಜಕಾಲುವೆ ಜಾಗವಂತೆ. ಮೂವತ್ತು ವರ್ಷ ಕಂದಾಯ ಕಟ್ಟಿದ್ದೇನೆ. ನಾನು ಕಳ್ಳನಾ ಸರ್?
— ನಿವೃತ್ತ ಬಸ್ ಕಂಡಕ್ಟರ್, ಬೆಂಗಳೂರು

ಅಣ್ಣಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕಳ್ಳರಲ್ಲ. ಕಾಲುವೆಯನ್ನು ಸೈಟು ಅಂತ ಮಾರಿದವನು ಬೇರೆ ಇದ್ದಾನೆ, ಅವನ ಗೋಡೆಗೆ ಯಾರೂ ಗುರುತು ಹಾಕಿರುವುದಿಲ್ಲ.

ಮೊದಲು ಒಂದು ಪ್ರಶ್ನೆ ಬಿಡಿಸಿಕೊಳ್ಳಿ. ಮನೆ ಕಾಲುವೆಯ ಮೇಲಿದೆಯೋ, ಕಾಲುವೆ ಪಕ್ಕದಲ್ಲಿ ಏನೂ ಕಟ್ಟದೆ ಬಿಡಬೇಕಾದ ಬಫರ್‌ನಲ್ಲಿದೆಯೋ? ಎರಡೂ ಒಂದೇ ಅಲ್ಲ. ಹಳೆಯ ಗ್ರಾಮ ನಕ್ಷೆಯಲ್ಲಿ ಕಾಲುವೆ ಅಂತ ಇರುವುದು ಖರಾಬು ಜಾಗ, ಸರ್ಕಾರದ್ದು. ಎಷ್ಟು ವರ್ಷ ಕಂದಾಯ ಕಟ್ಟಿದರೂ ನಮ್ಮದಾಗುವುದಿಲ್ಲ, ಬೇಜಾರಾದರೂ ಇದನ್ನು ಹೇಳಲೇಬೇಕು. ಬಫರ್ ಕಥೆ ಬೇರೆ. ಅದರ ಅಳತೆ ಬದಲಾಗುತ್ತಲೇ ಬಂದಿದೆ. ನಗರದ, 2015ಕ್ಕೆ ಗುರಿ ಇಟ್ಟ ಮಾಸ್ಟರ್ ಪ್ಲಾನ್‌ನಲ್ಲಿ ಕೆರೆಗೆ 30 ಮೀಟರ್, ಕಾಲುವೆಗೆ ಅದರ ದರ್ಜೆ ನೋಡಿ 50, 25, 15. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂದಿತು, ಸಣ್ಣ ದರ್ಜೆಯ ಕಾಲುವೆಗಳದನ್ನೂ ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದು ಹಾಕಿತು. 2025ರಲ್ಲಿ ಸರ್ಕಾರ ಕೆರೆಯ ಗಾತ್ರ ನೋಡಿ ಬಫರ್ ಇಳಿಸುವ ಮಸೂದೆ ತಂದಿತು, ಅದಕ್ಕೆ ಗಲಾಟೆಯೂ ಆಯಿತು. ನನಗೆ ಆ ಮಸೂದೆ ಹಿಡಿಸಲಿಲ್ಲ. ಚಿಕ್ಕ ಕೆರೆಗೇ ಜಾಸ್ತಿ ಕಾವಲು ಬೇಕು, ನುಂಗುವುದು ಸುಲಭ.

ನೀವು ಮಾಡಬೇಕಾದ್ದು ಇಷ್ಟು. ಸರ್ವೆ ನಂಬರ್ ಹಿಡಿದು ಗ್ರಾಮ ನಕ್ಷೆಯ ನಕಲು ತಗೊಳ್ಳಿ. ಮಗನ ಫೋನಿಗೆ ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಹಾಕಿಸಿ ಮನೆ ಬಾಗಿಲಲ್ಲಿ ನಿಂತು ನೋಡಿ, ಕಾಲುವೆ ಗೆರೆ ಎಲ್ಲಿ ಹೋಗಿದೆ ಅಂತ ಅಂದಾಜು ಸಿಗುತ್ತದೆ. ಅಳತೆಯಲ್ಲಿ ಅನುಮಾನ ಇದ್ದರೆ ಮತ್ತೆ ಸರ್ವೆ ಮಾಡಲು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಚೈನು ಎಳೆಯುವ ದಿನ ಸುಮ್ನೆ ಒಳಗೆ ಕೂರಬೇಡಿ, ಪಕ್ಕದಲ್ಲೇ ನಿಲ್ಲಿ. ಜೊತೆಗೆ ಒಬ್ಬ ವಕೀಲರನ್ನು ನೋಡಿ, ತಡ ಮಾಡಬೇಡಿ.

ಹಾಗಂತ ಕಾಲುವೆ ಬಿಡಿಸುವುದೇ ಬೇಡ ಅಂತ ನಾನು ಬರೆಯಲಾರೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದ್ದು ನೋಡಿದ್ದೇವೆ. ಆದರೆ ಬಿಡಿಸುವುದಾದರೆ ತಲೆಯಿಂದ ಬಾಲದವರೆಗೆ ಬಿಡಿಸಬೇಕು. ನಡುವೆ ನಾಲ್ಕು ಬಡವರ ಮನೆ ಒಡೆದು, ಮೇಲಿನ ದೊಡ್ಡ ಕಾಂಪೌಂಡ್ ಹಾಗೇ ಬಿಟ್ಟರೆ ನೀರೇನು ಗೋಡೆ ಹಾರಿ ಬರುತ್ತದಾ?

ಗಣಪತಿಯನ್ನು ಕೆರೆಯಲ್ಲಿ ಬಿಡಬೇಡಿ ಅನ್ನುತ್ತಾರೆ. ನಮ್ಮ ಸಂಪ್ರದಾಯಕ್ಕೆ ಮಾತ್ರ ಯಾಕೆ ಅಡ್ಡಿ?
— ಯುವಕ ಸಂಘ, ಯಲಹಂಕ

ಮಣ್ಣಿನ ಗಣಪತಿಗೆ ಬಣ್ಣ ಬಳಿಯಬೇಡಿ, ಬಕೆಟ್ಟಿನಲ್ಲೇ ಕರಗುತ್ತಾನೆ. ದೊಡ್ಡದಾದರೆ ಕೆರೆ ಪಕ್ಕದಲ್ಲಿ ಕಟ್ಟಿರುವ ಕಲ್ಯಾಣಿಗೆ ಬಿಡಿ. ವರ್ಷದ 365 ದಿನ ಕೊಳಚೆ ಬಿಡುವವರನ್ನು ಬಿಟ್ಟು ಒಂದು ದಿನದ ಗಣಪತಿಯನ್ನು ಹಿಡಿಯುತ್ತಾರೆ ಎನ್ನುವ ನಿಮ್ಮ ಸಿಟ್ಟು ನ್ಯಾಯವೇ. ಆ ಸಿಟ್ಟನ್ನು ಕಾಲುವೆ ಕಡೆ ತಿರುಗಿಸಿ.

ನಮ್ಮಪ್ಪನ ಕಾಲದಿಂದ ಕೆರೆ ಅಂಗಳದಲ್ಲೇ ಹಸು ಮೇಯಿಸುತ್ತಿದ್ದೆವು. ಹೆಂಡತಿ ಹೊನಗೊನೆ ಸೊಪ್ಪು ಕೊಯ್ದು ಮಾರುತ್ತಿದ್ದಳು. ಈಗ ಗೇಟು ಹಾಕಿ ಹಸು ಬಿಡುವುದಿಲ್ಲ ಅನ್ನುತ್ತಾರೆ. ನಾಯಿ ಕರಕೊಂಡು ಬಂದವರಿಗೆ ಬಿಡುತ್ತಾರೆ.
— ಹೇಳಿ ಬರೆಸಿದ ಪತ್ರ, ಬೆಂಗಳೂರು ಪೂರ್ವ

ನಿಮ್ಮ ಕೊನೆಯ ಸಾಲಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ.

ಕೆರೆ ಎಂದರೆ ಒಂದು ಕಡೆ ಏರಿ, ಇನ್ನೊಂದು ಕಡೆ ನೆಲದ ಸಮಕ್ಕೆ ನಿಧಾನವಾಗಿ ಇಳಿಯುವ ಅಂಗಳ. ಹಸು ಇಳಿದು ನೀರು ಕುಡಿಯುವುದು ಅಲ್ಲಿ, ಹುಲ್ಲು ಬೆಳೆಯುವುದು ಅಲ್ಲಿ, ಉದ್ದ ಕಾಲಿನ ಹಕ್ಕಿಗಳು ಹುಳ ಹೆಕ್ಕುವುದೂ ಅಲ್ಲೇ. ಈಗಿನ ಅಭಿವೃದ್ಧಿಯಲ್ಲಿ ಸುತ್ತಲೂ ಏರಿ ಹಾಕಿ, ತಳವನ್ನು ಬೋಗುಣಿ ಹಾಗೆ ಒಂದೇ ಸಮ ತೋಡುತ್ತಾರೆ. ನೋಡಲು ಚೆಂದ. ನಿಮ್ಮ ಹಸುವಿಗೂ ಜಾಗ ಇಲ್ಲ, ಹಕ್ಕಿಗೂ ಇಲ್ಲ. ಆಮೇಲೆ ಹಕ್ಕಿಗೆ ಅಂತ ನಡುವೆ ಒಂದು ಮಣ್ಣುಗುಡ್ಡೆ ಸುರಿಯುತ್ತಾರೆ!

ಕೆರೆ ಸಂಘದ ಸಭೆ ನಡೆದಾಗ ಹೋಗಿ. ಪಾತ್‌ನ ಹೊರಗೆ, ಅಂಗಳದ ಕಡೆಯಿಂದ ಒಂದು ಗೇಟು ಕೇಳಿ. ಹುಲ್ಲು ಕೊಯ್ದುಕೊಂಡು ಹೋಗಲು ಪಾಸು ಕೇಳಿ. ಜೊಂಡು ಕೊಯ್ಯಲು ದುಡ್ಡು ಕೊಟ್ಟು ಮಷಿನ್ ತರಿಸುವವರು ಪುಕ್ಕಟೆ ಹುಲ್ಲು ಕೊಯ್ಯುವವರನ್ನು ಓಡಿಸುವುದರಲ್ಲಿ ಲೆಕ್ಕ ಎಲ್ಲಿದೆ? ಒಂದೇ ಮಾತು, ಕೊಳಚೆ ಸೇರುವ ಕೆರೆಯ ಸೊಪ್ಪು ಮಾತ್ರ ತಿನ್ನಬೇಡಿ, ಮಾರಬೇಡಿ. ಹೊನಗೊನೆ ನೀರಿನಲ್ಲಿರುವುದನ್ನೆಲ್ಲ ಹೀರುತ್ತದೆ, ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ.

ಬೆಂಗಳೂರಿನವರು ತಮ್ಮ ಕೊಳಚೆಯನ್ನು ಶುದ್ಧ ಮಾಡಿದ್ದೇವೆ ಅಂತ ನಮ್ಮ ಕೆರೆಗೆ ಬಿಡುತ್ತಿದ್ದಾರೆ. ಇದು ಉಪಕಾರವೋ, ಅವಮಾನವೋ?
— ರೈತ, ಕೋಲಾರ ತಾಲ್ಲೂಕು

ನಾನೂ ನಿಮ್ಮ ಕಡೆಯವನೇ, ಅದಕ್ಕೇ ಈ ಪ್ರಶ್ನೆ ನನಗೆ ಚುಚ್ಚುತ್ತದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿಯ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧ ಮಾಡಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿತು, ವಿಷಯ ಹೈಕೋರ್ಟ್‌ಗೂ ಸುಪ್ರೀಂ ಕೋರ್ಟ್‌ಗೂ ಹೋಯಿತು. ಯೋಜನೆ ದಿನಕ್ಕೆ 44 ಕೋಟಿ ಲೀಟರ್‌ನದು. ಎರಡು ಹಂತದ ಶುದ್ಧೀಕರಣ ಮಾತ್ರ ಆಗುತ್ತದೆ, ಮೂರನೆಯದು ಬೇಕು ಅಂತ ಜಿಲ್ಲೆಯ ಹೋರಾಟಗಾರರು ಅಂದಿನಿಂದ ಕೇಳುತ್ತಿದ್ದಾರೆ. ನಾನು ಅವರ ಪಕ್ಷ.

ಆದರೂ ಒಂದು ಮಾತು. ನಮ್ಮೂರ ಕೆರೆ ನನ್ನ ಸರ್ವಿಸ್ ಉದ್ದಕ್ಕೂ ಬರೀ ಜಾಲಿ ಮುಳ್ಳು. ಅದರ ತೂಬಿಗೆ ನಾನೇ ಕಾಂಕ್ರೀಟ್ ತುಂಬಿಸಿದ್ದೆ, ಇನ್ನು ಇದು ತುಂಬುವುದುಂಟೇ ಅಂತ. ತಾತ ಬದುಕಿದ್ದರೆ ಮಾತು ಬಿಡುತ್ತಿದ್ದರು. ಈ ನೀರು ಬಂದ ಮೇಲೆ ಅದು ಕೋಡಿ ಹರಿಯಿತು. ಹೆಂಗಸರು ಬಾಗಿನ ಬಿಟ್ಟರು. ನಮ್ಮ ಸೋದರತ್ತೆ ಮಗ ಬತ್ತಿದ ಬೋರ್‌ವೆಲ್ ಮುಚ್ಚಳ ತೆಗೆದು ಕಲ್ಲು ಹಾಕಿ ಸದ್ದು ಕೇಳಿಸಿಕೊಂಡ. ‘ಡುಬುಕ್ ಅಂತು ಭಾವ’ ಅಂತ ನನಗೆ ಫೋನ್ ಮಾಡಿದ. ಅವನಿಗೆ ಅವಮಾನದ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಹಿಪ್ಪುನೇರಳೆಗೆ ಬಿಡು, ಕುಡಿಯುವ ಬಾವಿ ನೀರನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸು ಅಂದೆ. ನಿಮಗೂ ಅದನ್ನೇ ಹೇಳುತ್ತೇನೆ.

ನಮ್ಮ ಹತ್ತು ಎಕರೆ ಕೆರೆ ಈ ಬೇಸಿಗೆ ಪೂರಾ ಒಣಗಿದೆ. ಟ್ಯಾಂಕರ್ ನೀರು ತುಂಬಿಸಲು ಸಂಘದವರು ಚಂದಾ ಎತ್ತುತ್ತಿದ್ದಾರೆ. ಕೊಡಲೇ?
— ಬ್ಯಾಂಕ್ ಉದ್ಯೋಗಿ, ಬೆಂಗಳೂರು ದಕ್ಷಿಣ

ಕೊಡಬೇಡಿ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲಲು ಹನ್ನೆರಡು ಲಕ್ಷ ಲೀಟರ್ ಮೇಲೆ ಬೇಕು. ಹತ್ತು ಎಕರೆಗೆ 6,000 ಲೀಟರಿನ ಟ್ಯಾಂಕರ್ ಎರಡು ಸಾವಿರ ಸಲ ಬರಬೇಕು, ಅದೂ ಒಂದೇ ಅಡಿಗೆ. ನೀವು ಬ್ಯಾಂಕಿನವರು, ಬಾಡಿಗೆ ಲೆಕ್ಕ ನೀವೇ ಹಾಕಿ.

ಮಳೆ ನೀರಿನ ಕೆರೆ ಬೇಸಿಗೆಯಲ್ಲಿ ಒಣಗುವುದು ರೋಗವಲ್ಲ. ಹಿಂದೆ ಆಗಲೇ ಜನ ಕೆರೆ ತಳದ ಗೋಡು ಮಣ್ಣು ಹೊಡೆದು ಹೊಲಕ್ಕೆ ಹಾಕುತ್ತಿದ್ದದ್ದು, ಏರಿ ಬಿರುಕು ನೋಡುತ್ತಿದ್ದದ್ದು. ಚಂದಾ ದುಡ್ಡು ಆಗಲೇ ಬಂದಿದ್ದರೆ ನಾಲ್ಕು ಆಳು ಕರೆಸಿ. ಕಾಲುವೆ ಬಾಯಲ್ಲಿ ಹಳೆ ಹಾಸಿಗೆ, ಥರ್ಮೋಕೋಲು, ಕಟ್ಟಡದ ಕಸ ಸಿಕ್ಕಿಕೊಂಡಿರುತ್ತದೆ, ನೋಡಿಲ್ಲದಿದ್ದರೆ ಹೋಗಿ ನೋಡಿ. ಜೂನ್‌ಗೆ ಮೊದಲು ಅದನ್ನು ತೆಗೆಸಿ.